ಗಿಣಿಯ ಎಡಗಾಲು

ಕುಸ್ತಿಯ ರಿಂಗಿಗೆ ಹಾಸುವ ಬಟ್ಟೆಯ ವಾಸನೆ ಹೇಗಿರುತ್ತದೆ ಎನ್ನುವುದು ಅದರ ಮೇಲೆ ಬೀಳುವವರಿಗೆ ಮಾತ್ರ ಗೊತ್ತು. ಟಿಕೆಟ್ ತೆಗೆದುಕೊಂಡು ನೋಡುವವರಿಗೆ ಅದು ಬಿಳಿ ಹಾಸು. ನನಗೆ ಅದು ನೂರು ಜನರ ಬೆವರು, ಎಂಜಲು, ಮೈಗೆ ಬಳಿದುಕೊಂಡ ಎಣ್ಣೆ, ಒರೆಸಿ ಬಿಟ್ಟ ಮೂಗು. ಹದಿನಾರು ವರ್ಷ, ವಾರಕ್ಕೆ ನಾಲ್ಕು ದಿನ ಅದರ ಮೇಲೆ ಮುಖವಿಟ್ಟು ಬಿದ್ದಿದ್ದೇನೆ. ಒಗೆಸಿ ಎಂದು ಕೇಳಿದರೆ ನಮ್ಮ ಯಜಮಾನ, "ಒಗೆದ್ರೆ ರಕ್ತದ ಕಲೆ ಹೋಗಿಬಿಡುತ್ತಮ್ಮ, ಜನ ಬರೋದೇ ಅದನ್ನ ನೋಡೋಕೆ" ಎನ್ನುತ್ತಿದ್ದ. ಆ ಕಲೆಯಲ್ಲಿ ಅರ್ಧ ಬಣ್ಣದ ನೀರು, ಕಾಲುಭಾಗ ಯಾರದೋ ವಾಂತಿ. ಉಳಿದದ್ದು ನಿಜವಾದ ರಕ್ತ, ಅದರಲ್ಲಿ ನನ್ನ ಪಾಲೂ ಇದೆ.

ರಿಂಗಿನಲ್ಲಿ ನನ್ನ ಹೆಸರು ಹೆಮ್ಮಾರಿ. ಹುಟ್ಟಿದಾಗ ಇಟ್ಟ ಹೆಸರನ್ನು ಈಗ ಕರೆಯುವವಳು ಅಮ್ಮ ಒಬ್ಬಳೇ, ಅದೂ ಸಿಟ್ಟು ಬಂದಾಗ. ಇದಕ್ಕೆ ಮೊದಲು ನಾನು ಪಾರ್ಸೆಲ್ ಗೋದಾಮಿನಲ್ಲಿ ಮೂಟೆ ಎತ್ತುತ್ತಿದ್ದೆ. ಯಜಮಾನ ತನ್ನ ರಿಂಗಿನ ಹಲಗೆ, ಹಗ್ಗಗಳ ಪೆಟ್ಟಿಗೆ ಬಿಡಿಸಿಕೊಳ್ಳಲು ಬಂದವನು, ನಾನು ಒಂದು ಹೆಗಲಿಗೆ ಒಂದರಂತೆ ಎರಡು ಪೆಟ್ಟಿಗೆ ಹೊತ್ತು ಬಂದದ್ದನ್ನು ನೋಡಿದ. ಎಮ್ಮೆ ಕೊಳ್ಳುವವನ ಹಾಗೆ ನನ್ನ ಸುತ್ತ ಒಂದು ಸುತ್ತು ಬಂದ. ಬಾಯಿ ಬಿಡಿಸಿ ಹಲ್ಲು ಎಣಿಸಲಿಲ್ಲ, ಅಷ್ಟೇ ನನ್ನ ಪುಣ್ಯ.

"ಮುಖ ಚೆನ್ನಾಗಿಲ್ಲ," ಎಂದ. "ಒಳ್ಳೇದೇ ಆಯ್ತು."

ಅಲ್ಲೇ ಅವನ ಕಾಲ ಮೇಲೆ ಪೆಟ್ಟಿಗೆ ಕೆಡವಬೇಕಿತ್ತು. ಆದರೆ ನನಗೆ ಇಪ್ಪತ್ತೆರಡು ವರ್ಷ, ನನ್ನ ಮುಖದಿಂದ ಯಾರಿಗಾದರೂ ಉಪಯೋಗವಿದೆ ಎಂದು ಕೇಳಿದ್ದು ಅದೇ ಮೊದಲು. ಹೋದೆ. ಅಮ್ಮ ಇವತ್ತಿಗೂ ಅಕ್ಕಪಕ್ಕದವರಿಗೆ ಮಗಳು ಗೋದಾಮಿನಲ್ಲಿದ್ದಾಳೆ ಅಂತಲೇ ಹೇಳುವುದು. "ಅಲ್ಲಿ ಮೂಟೆ ಎತ್ತುತಿದ್ದೆ, ಇಲ್ಲಿ ಮನುಷ್ಯರನ್ನ ಎತ್ತುತೀಯ. ಸುಳ್ಳೇನು ಬಂತು ಅದರಲ್ಲಿ?" ಎನ್ನುತ್ತಾಳೆ.

ನನಗೆ ಕಲಿಸಿದವರು ಮೇಷ್ಟ್ರು. ಮೂಗು ಮೂರು ಕಡೆ ಮುರಿದಿದ್ದ ಮುದುಕ. ಮೊದಲ ಆರು ತಿಂಗಳು ಬೀಳುವುದನ್ನು ಬಿಟ್ಟು ಬೇರೇನೂ ಕಲಿಸಲಿಲ್ಲ. ಬೆನ್ನು ಪೂರ್ತಿ ಒಟ್ಟಿಗೆ ಹಲಗೆಗೆ ಬಡಿಯಬೇಕು, ಗದ್ದ ಎದೆಗೆ ಅಂಟಿರಬೇಕು, ಶಬ್ದ ಜೋರಾಗಿರಬೇಕು, ಪೆಟ್ಟು ಇರಬಾರದು. ಆಮೇಲೆ ಎಡ. ನಮ್ಮ ಕಸುಬಿನಲ್ಲಿ ಎಲ್ಲವೂ ಎಡಕ್ಕೆ. ತಿರುಚುವುದು ಎದುರಾಳಿಯ ಎಡಗೈ, ಎಳೆಯುವುದು ಎಡಗಾಲು, ತಲೆ ಅವುಚುವುದು ಎಡ ಕಂಕುಳಲ್ಲಿ. ಎಲ್ಲಿಂದಲೋ ಬಂದ ಇಬ್ಬರು ಮೊದಲ ಸಲ ರಿಂಗಿನಲ್ಲಿ ಎದುರಾದರೂ ಯಾವ ಕಡೆಯಿಂದ ಕೈ ಬರುತ್ತದೆ ಎಂದು ಇಬ್ಬರಿಗೂ ಗೊತ್ತಿರುತ್ತದೆ, ಹಾಗಾಗಿ ಯಾರ ಮೂಳೆಯೂ ಮುರಿಯುವುದಿಲ್ಲ. ನನ್ನ ಕೈ ತಪ್ಪಿ ಬಲಕ್ಕೆ ಹೋದರೆ ಮೇಷ್ಟ್ರು ಬೆರಳ ಗೆಣ್ಣಿಗೆ ಕೋಲಿನಿಂದ ಬಾರಿಸುತ್ತಿದ್ದರು.

"ನಿನ್ನ ಕೈಗೆ ಬಂದಿರೋ ಮೈ ನಿಂದಲ್ಲ, ಇಸ್ಕೊಂಡಿರೋದು," ಎನ್ನುತ್ತಿದ್ದರು. "ಹೇಗೆ ಇಸ್ಕೊಂಡೆಯೋ ಹಾಗೇ ವಾಪಸ್ ಕೊಡಬೇಕು."

ಅವರು ಬಾರಿಸಿ ಬಾರಿಸಿ ಎಡವನ್ನು ನನ್ನ ಮೂಳೆಗೇ ಇಳಿಸಿಬಿಟ್ಟರು. ಬಾಗಿಲಲ್ಲಿ ಎದುರು ಬಂದವರಿಗೆ ನಾನು ದಾರಿ ಬಿಡುವುದೂ ಅವರ ಎಡ ಭುಜ ನೋಡಿಕೊಂಡೇ.

ನಾಲ್ಕು ವರ್ಷ ಸಿಕ್ಕಸಿಕ್ಕವರಿಂದ ಒದೆ ತಿಂದ ಮೇಲೆ ಗಿಣಿ ಬಂದಳು. ನನಗಿಂತ ಐದು ವರ್ಷ ಚಿಕ್ಕವಳು. ಮೂಗು ಚೂಪು, ಹಾಕಿದ್ದು ಹಸಿರು ಬಟ್ಟೆ, ಸರಿ, ಯಜಮಾನ ಗಿಣಿ ಎಂದ. ನಮ್ಮಿಬ್ಬರನ್ನು ಜೋಡಿ ಮಾಡಿದ. ಹನ್ನೆರಡು ವರ್ಷ ಅವಳು ಗೆದ್ದಳು, ನಾನು ಸೋತೆ. ಕೂದಲು ಜಗ್ಗುವುದು, ಕಣ್ಣಿಗೆ ಕೈ ಹಾಕುವುದು, ರೆಫರಿ ಆ ಕಡೆ ತಿರುಗಿದಾಗ ಕಚ್ಚುವುದು ನನ್ನ ಕೆಲಸ. ಕಚ್ಚುವಾಗ ಹಲ್ಲು ತಾಗಿಸುತ್ತಿರಲಿಲ್ಲ, ತುಟಿ ಮಾತ್ರ. ಅವಳ ಹೆಗಲಿನ ಪೌಡರಿನ ರುಚಿ ನನಗೆ ನಮ್ಮ ಮನೆಯ ಸಾರಿನಷ್ಟೇ ಪರಿಚಯ.

ಇನ್ನು ಜನ. ಅಪ್ಪಂದಿರು ಮಕ್ಕಳನ್ನು ಎತ್ತಿ ಹಿಡಿಯುತ್ತಿದ್ದರು, ನನ್ನ ಮೇಲೆ ಉಗಿಯಲು ಅನುಕೂಲವಾಗಲಿ ಎಂದು. ಒಬ್ಬ ಅಜ್ಜಿ, ನೋಡಿದರೆ ಕಾಲಿಗೆ ಬೀಳಬೇಕು ಅನ್ನಿಸುವಂಥವಳು, ಛತ್ರಿಯ ಮೊನೆಯಿಂದ ನನ್ನ ತೊಡೆಗೆ ಚುಚ್ಚಿದ್ದಳು. ಕಡಲೆಕಾಯಿ ಸಿಪ್ಪೆ, ಅರ್ಧ ತಿಂದ ಮೊಟ್ಟೆ, ಒಮ್ಮೆ ಕೂಸಿನ ಒದ್ದೆ ಲಂಗೋಟಿ, ಎಲ್ಲಾ ನನ್ನ ತಲೆ ಮೇಲೆ ಬಿದ್ದಿವೆ. ಅದೆಲ್ಲಾ ನಾಟಕ ಎಂದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಉಗಿಯುತ್ತಿದ್ದರು. ಉಗಿಯಲು ಒಂದು ಮುಖ ಬೇಕಿತ್ತು, ಯಜಮಾನ ಒದಗಿಸಿದ್ದ.

ಬಟ್ಟೆ ಬದಲಿಸುವ ಕೋಣೆಗೆ ಬಂದ ಮೇಲೆ ಗಿಣಿ ತನ್ನದೇ ಟವೆಲಿನಿಂದ ನನ್ನ ಕೂದಲಿನ ಎಂಜಲು ಒರೆಸುತ್ತಿದ್ದಳು. "ಇವತ್ತು ಕಮ್ಮಿ ಅಕ್ಕ, ಹೋದ ವಾರ ಇನ್ನೂ ಬಿದ್ದಿತ್ತು" ಎಂದು ಸಮಾಧಾನ ಹೇಳುತ್ತಿದ್ದಳು. ಆ ಕೋಣೆಯಲ್ಲಿ ಒಂದೇ ನಲ್ಲಿ, ಅದೂ ತುಕ್ಕು ನೀರು. ಇಬ್ಬರೂ ಒಂದೇ ಬಕೆಟ್ಟಿನಲ್ಲಿ ಮುಖ ತೊಳೆಯುತ್ತಿದ್ದೆವು. ಗೋಡೆಯ ಆ ಕಡೆ ಜನ ಇನ್ನೂ "ಗಿಣಿ, ಗಿಣಿ" ಎಂದು ಕೂಗುತ್ತಿರುತ್ತಿದ್ದರು. ನನಗೆ ಹೊಟ್ಟೆಕಿಚ್ಚಿರಲಿಲ್ಲವೇ ಎಂದರೆ, ಇತ್ತು. ಒಂದು ಹಿಡಿಯಷ್ಟು. ಅದಕ್ಕಿಂತ ಜಾಸ್ತಿ ಅವಳ ಮೇಲೆ ಜೀವವಿತ್ತು. ಎರಡೂ ಒಂದೇ ಹೊಟ್ಟೆಯಲ್ಲಿ ಜಗಳವಿಲ್ಲದೆ ಇದ್ದವು.

ಗಿಣಿಗೆ ಒಂದು ಶಾಲೆಯಲ್ಲಿ ವ್ಯಾಯಾಮ ಟೀಚರ್ ಕೆಲಸ ಗೊತ್ತಾಯಿತು. ಶಾಲೆ ತೆರೆದ ದಿನದಿಂದ ಕೆಲಸ ಶುರು. ಮಕ್ಕಳ ಜೊತೆ ಓಡಬೇಕು, ಹಾರಬೇಕು, ಸೀಟಿ ಊದಬೇಕು. ಅವಳ ಮುಖ ನೋಡಬೇಕಿತ್ತು. "ಅಕ್ಕ, ಇನ್ನು ನನ್ನ ಮೈ ಮೇಲೆ ಯಾರೂ ಬೀಳಲ್ಲ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಶಾಲೆಯವರು ಕೇಳಿದ್ದು ಎರಡೇ: ಇಷ್ಟು ವರ್ಷ ಎಲ್ಲಿ ಕೆಲಸ ಮಾಡಿದ್ದೀರಿ ಎನ್ನುವುದಕ್ಕೆ ಒಂದು ಪತ್ರ, ಮತ್ತು ಗಟ್ಟಿ ಕಾಲು.

ಕುಸ್ತಿ ಬಿಡಲು ಮೂರು ವಾರ ಇರುವಾಗ ಅಭ್ಯಾಸದಲ್ಲಿ ಅವಳ ಎಡ ಮೊಣಕಾಲು ಹೊರಳಿತು. ಒಳಗೆ ಏನೋ ಅರ್ಧ ಹರಿದಿತ್ತು. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹೇಳಿದ್ದು ಸುಲಭವಾಗಿತ್ತು. ಹುಷಾರಾಗಿ ನೋಡಿಕೊಂಡರೆ ಎರಡು ತಿಂಗಳಲ್ಲಿ, ಶಾಲೆ ತೆರೆಯುವಷ್ಟರಲ್ಲಿ, ಕೂಡಿಕೊಳ್ಳುತ್ತದೆ. ಇನ್ನೊಂದು ಪೆಟ್ಟು ಬಿದ್ದರೆ ಓಡುವುದನ್ನು ಮರೆತುಬಿಡಿ.

ಅವಳು ಕುಂಟುವುದನ್ನು ಯಜಮಾನ ಕಿಟಕಿಯಿಂದ ನೋಡಿದ. ಇಬ್ಬರನ್ನೂ ಕರೆಸಿದ. ಅವನು ಬೈಕಿನ ಕೀಲಿಯಿಂದ ಕಿವಿ ಕೆದಕಿಕೊಂಡು, ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ, ಮೇಜಿನ ಅಂಚಿಗೆ ಒರೆಸುವವನು. ಅವತ್ತೂ ಒರೆಸುತ್ತಲೇ ಹೇಳಿದ:

"ದೇವರು ಕೊಟ್ಟ ಕಥೆ ಇದು. ಕೊನೇ ಕುಸ್ತಿ, ಕಾಲಿಗೆ ಪೆಟ್ಟು. ಹೆಮ್ಮಾರಿ ಅದೇ ಕಾಲು ಹಿಡೀತಾಳೆ. ಮೊಣಕಾಲನ್ನ ಮೂರು ಸಲ ಕುಕ್ಕುತಾಳೆ, ಗಿಣಿ ಸ್ಟ್ರೆಚರ್ ಮೇಲೆ ಹೋಗ್ತಾಳೆ. ಜನ ಅತ್ತುಬಿಡಬೇಕು."

"ನಿಜವಾಗ್ಲೂ ನೋವಿದೆ ಅವಳಿಗೆ," ಎಂದೆ. "ನೋವಿರೋ ಜಾಗ ಮುಟ್ಟಬಾರದು ಅಂತ ಮೇಷ್ಟ್ರು..."

"ಮೇಷ್ಟ್ರು ಎಲ್ಲಿದ್ದಾರಮ್ಮ ಈಗ? ಮೇಲಿದ್ದಾರೆ." ನಕ್ಕ. "ನಿಜವಾದ ನೋವನ್ನ ಯಾರೂ ನಕಲು ಮಾಡೋಕಾಗಲ್ಲ. ಆ ಮುಖಭಾವ ಬೇಕು ನಂಗೆ. ಮೆತ್ತಗೇ ಮಾಡು, ಬೇಡ ಅಂದೋರು ಯಾರು? ಆಮೇಲೆ ಬಾಮ್ಮ ಗಿಣಿ, ನಿನ್ನ ಪತ್ರಕ್ಕೆ ಸಹಿ ಹಾಕಿಸ್ಕೊಂಡು ಹೋಗು."

ಪತ್ರ ಅವನ ಕೈಯಲ್ಲಿತ್ತು, ಅವಳು ಏನು ಹೇಳಿಯಾಳು? ತಲೆಯಾಡಿಸಿದಳು. ಹೊರಗೆ ಬಂದು ನಾನು ಉಗಿದೆ, ಅವನ ಬೈಕಿನ ಸೀಟಿನ ಮೇಲೇ. ಗಿಣಿ ಮಾತ್ರ ಆಗಲೇ ಲೆಕ್ಕ ಹಾಕುತ್ತಿದ್ದಳು.

"ಅಕ್ಕ, ಅವನು ನೋಡಿದ್ದು ಕುಂಟೋದನ್ನ ಅಷ್ಟೇ. ಯಾವ ಕಾಲು ಅಂತ ಕೇಳಲೇ ಇಲ್ಲ."

ಉಪಾಯ ಅವಳದ್ದೇ. ಒಳ್ಳೆಯ ಬಲಗಾಲಿಗೆ ದಪ್ಪ ಬ್ಯಾಂಡೇಜ್ ಸುತ್ತುವುದು, ಬಲಗಾಲಿನಲ್ಲೇ ಕುಂಟುವುದು, ನಾನು ಬಲಗಾಲನ್ನೇ ಕುಕ್ಕುವುದು. ಅವಳು ಬೋರಲು ಬಿದ್ದಿರುವಾಗ ಹಿಮ್ಮಡಿ ಹಿಡಿದು ಕಾಲೆತ್ತಿ ಮೊಣಕಾಲನ್ನು ಹಲಗೆಗೆ ಬಡಿಯುವುದು, ಅಷ್ಟೇ ಪಟ್ಟು. ಗಟ್ಟಿ ಕಾಲಿಗೆ ಅದು ಏನೂ ಅಲ್ಲ, ಹಾಸಿಗೆಗೆ ದಿಂಬು ಬಡಿದ ಹಾಗೆ. ಹರಿದ ಕಾಲಿಗೆ ಅಷ್ಟು ಸಾಕು. ಹೀಗೆ ಮಾಡಿದರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಅವಳ ಮನೆಯಲ್ಲಿ, ಮಂಚದ ಹಾಸಿಗೆ ಕೆಳಗೆ ಹಾಕಿ ಐದು ಸಾಯಂಕಾಲ ಅಭ್ಯಾಸ ಮಾಡಿದೆವು. ಅವಳ ಗಂಡ ಟೀ ಮಾಡಿಕೊಟ್ಟು, "ಬಲಗಾಲು, ಅತ್ತಿಗೆ, ಬಲಗಾಲು" ಎಂದು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದ. ನನ್ನನ್ನು ಅತ್ತಿಗೆ ಎನ್ನುವುದು ಅವನ ತಮಾಷೆ. ಬಲಗಾಲು ಹಿಡಿಯುವಾಗ ನನ್ನ ಕೈ ಬೇರೆಯವರ ಚಪ್ಪಲಿ ಹಾಕಿಕೊಂಡ ಹಾಗೆ ತಡವರಿಸುತ್ತಿತ್ತು. ಐದನೆಯ ದಿನ ಸರಿಹೋಯಿತು. ಸರಿಹೋಯಿತು ಎಂದುಕೊಂಡೆ.

ಭಾನುವಾರ ಮಧ್ಯಾಹ್ನದ ಆಟ. 'ಗಿಣಿಯ ಕಾಲು ಮುರಿಯುವಳೇ ಹೆಮ್ಮಾರಿ?' ಎಂದು ಪೋಸ್ಟರ್ ಹಾಕಿಸಿದ್ದ. ನಮ್ಮ ಸಭಾಂಗಣ ಅಷ್ಟು ತುಂಬಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮೆಟ್ಟಿಲ ಮೇಲೆ, ಕಿಟಕಿಯ ಕಂಬಿಯ ಮೇಲೆ ಜನ. ಒಬ್ಬಳ ಕಾಲು ಮುರಿಯುತ್ತದೋ ಇಲ್ಲವೋ ನೋಡಲು ಮಕ್ಕಳಿಗೆ ತಲೆ ಬಾಚಿ, ಒಗೆದ ಬಟ್ಟೆ ಹಾಕಿ ಕರೆತಂದಿದ್ದರು. ಯಜಮಾನ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಹದಿಮೂರು ನಿಮಿಷ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಡಿದೆವು. ಬಲಗಾಲಿನ ಬಿಳಿ ಬ್ಯಾಂಡೇಜ್ ದೂರದಿಂದಲೂ ಕಾಣುತ್ತಿತ್ತು. ಕೈಗಳ ಪಟ್ಟು, ತಲೆಯ ಪಟ್ಟು ಎಲ್ಲ ಎಂದಿನಂತೆ ಎಡಕ್ಕೇ, ಆದರೆ ಎಡಗಾಲಿನ ಹತ್ತಿರ ನಾನು ಗಾಳಿಯನ್ನೂ ಸುಳಿಯಗೊಡಲಿಲ್ಲ. ಕೊನೆಗೆ ಅವಳು ಬೋರಲು ಬಿದ್ದಳು. ರೆಫರಿ ನಿಗದಿಯಂತೆ ಕಣ್ಣುಜ್ಜಿಕೊಳ್ಳುತ್ತಾ ಮೂಲೆಗೆ ಹೋದ. ಜನ "ಕಾಲು! ಕಾಲು!" ಎಂದು ಕೂಗತೊಡಗಿದರು. ಎದುರಿಗೆ ಒಬ್ಬಳು ಮಡಿಲಲ್ಲಿ ಮಲಗಿದ್ದ ಮಗುವಿನ ಕಿವಿಯನ್ನು ಒಂದು ಕೈಯಲ್ಲಿ ಮುಚ್ಚಿ, ಇನ್ನೊಂದು ಕೈ ಎತ್ತಿ "ಮುರಿಯೇ ಅದನ್ನ!" ಎಂದು ಕಿರುಚಿದಳು. ಇಷ್ಟು ವರ್ಷ ಗಿಣಿ ಗಿಣಿ ಎಂದವರೇ ಇವರು. ಅಷ್ಟರಲ್ಲಿ ಯಾರೋ ಎಸೆದ ಟೀ ಲೋಟ ನನ್ನ ಕಿವಿಗೆ ಬಡಿಯಿತು, ಉಗುರುಬೆಚ್ಚಗಿನ ಟೀ ಕುತ್ತಿಗೆಯೊಳಗೆ ಇಳಿಯಿತು. ತಿರುಗಿ ಎಸೆದವನನ್ನು ನುಂಗುವ ಹಾಗೆ ನೋಡಿದೆ. ಅವನನ್ನೇ ನೋಡುತ್ತಾ ಬಗ್ಗಿದೆ, ಹಿಮ್ಮಡಿ ಹಿಡಿದೆ, ಎತ್ತಿದೆ, ಕುಕ್ಕಿದೆ.

ಕೈ ಎಡಕ್ಕೆ ಹೋಗಿತ್ತು. ಹದಿನಾರು ವರ್ಷದ ಕೈ, ಐದು ಸಾಯಂಕಾಲದ ಮಾತು ಕೇಳಲಿಲ್ಲ.

ಶಬ್ದದಲ್ಲೇ ಗೊತ್ತಾಯಿತು. ಹಲಗೆಯ ಶಬ್ದದ ಒಳಗೆ ಇನ್ನೊಂದು ಶಬ್ದವಿತ್ತು, ಒದ್ದೆ ಬಟ್ಟೆ ಹರಿದ ಹಾಗೆ. ಗಿಣಿ ತಲೆಯೆತ್ತಿ, "ಆ ಕಾಲಲ್ಲ ಅಕ್ಕ!" ಎಂದು ಕೂಗಿದಳು. ಬಿಳಿ ಬ್ಯಾಂಡೇಜ್ ಪಕ್ಕದ ಕಾಲಿನಲ್ಲಿ ಎಲ್ಲರ ಕಣ್ಣ ಮುಂದೆ ಇತ್ತು. ಸಾವಿರ ಜನರಲ್ಲಿ ಒಬ್ಬರಿಗೂ ಅದು ಕಾಣಲಿಲ್ಲ. ಅವರಿಗೆ ಬೇಕಾಗಿದ್ದು ಒಂದು ಕಾಲು, ಯಾವುದಾದರೂ ಆದೀತು. ಕಟ್ಟಡ ಬಿದ್ದೇ ಹೋಗುವ ಹಾಗೆ ಕೂಗಿದರು.

ಎರಡನೆಯ ಸಲ ಕುಕ್ಕಿದೆ. ಆಮೇಲೆ ಮೂರನೆಯ ಸಲ.

ಗಂಟೆ ಬಾರಿಸಿದರು. ಅವಳ ಬೆನ್ನ ಮೇಲೆ ಕಾಲಿಟ್ಟು ಎರಡೂ ಕೈ ಎತ್ತಿ ನಿಂತೆ, ಪಾತ್ರದಲ್ಲಿ ಹಾಗೇ ಇತ್ತು. ಸ್ಟ್ರೆಚರ್ ಹೊರುವವರು ತಮಾಷೆಯ ವೇಷದವರು, ಅವಳನ್ನು ಒಮ್ಮೆ ಬೀಳಿಸಿ ಎತ್ತಿದರು. ಅದೂ ಪಾತ್ರದಲ್ಲಿತ್ತು. ಜನ ನಕ್ಕರು.

ಬಟ್ಟೆ ಬದಲಿಸುವ ಕೋಣೆಗೆ ಯಜಮಾನ ಚಪ್ಪಾಳೆ ತಟ್ಟುತ್ತಲೇ ಬಂದ. "ಆ ಮುಖಭಾವ! ನಾನು ಹೇಳಿರಲಿಲ್ವಾ?" ನಿಜವಾಗಿ ಏನಾಯಿತೆಂದು ಹೇಳಿದೆ. ಅವನ ಮುಖದಲ್ಲಿ ಕಂಡದ್ದು ಮರುಕವಲ್ಲ, ಹೊಳಪು. "ಹಾಗಾದ್ರೆ ಪೇಪರ್‌ನೋರನ್ನ ಆಸ್ಪತ್ರೆ ಹತ್ತಿರ ಕಳಿಸೋಣ" ಎಂದ. ಗಿಣಿಯ ಪತ್ರಕ್ಕೆ ಅಲ್ಲೇ ನಿಂತು ಸಹಿ ಹಾಕಿ ನನ್ನ ಕೈಗೆ ಕೊಟ್ಟ. "ಕೇಳಿದ್ದಕ್ಕಿಂತ ಎರಡು ಸಾಲು ಜಾಸ್ತೀನೇ ಹೊಗಳಿದ್ದೀನಿ, ಅವಳಿಗೆ ಹೇಳು." ಕೀಲಿ ಹಿಡಿದು ಕಿವಿ ಕೆದಕುವ ಅದೇ ಬೆರಳುಗಳು. ಕಾಗದದ ಮೂಲೆಯಲ್ಲಿ ಹಳದಿ ಗುರುತಿತ್ತು.

ಬಕೆಟ್ಟಿಗೆ ಬಗ್ಗಿ ಮುಖ ತೊಳೆದೆ. ಒರೆಸಿಕೊಳ್ಳಲು ಟವೆಲ್ ಹುಡುಕಿದೆ. ಅಲ್ಲಿದ್ದದ್ದು ಗಿಣಿಯ ಟವೆಲ್ ಒಂದೇ, ಅದನ್ನು ಮುಟ್ಟಲಾಗಲಿಲ್ಲ. ಕೂದಲಿನಲ್ಲಿ ಕೈಯಾಡಿಸಿದೆ, ಟೀ ಬಿಟ್ಟರೆ ಏನೂ ಇರಲಿಲ್ಲ. ಅವತ್ತು ಯಾರೂ ಉಗಿದಿರಲಿಲ್ಲ.

ಆಸ್ಪತ್ರೆಗೆ ಹೋಗಲು ಮೂರು ದಿನ ಬೇಕಾಯಿತು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ. ವಾರ್ಡಿನ ಬಾಗಿಲಲ್ಲಿ ಅವಳ ಗಂಡ ನನ್ನನ್ನು ನೋಡಿ ಎದ್ದು ಹೊರಗೆ ಹೋದ, ಅತ್ತಿಗೆ ಎನ್ನಲಿಲ್ಲ. ಆಪರೇಷನ್ ಆಗಿತ್ತು. ಎಡಗಾಲನ್ನು ತೊಡೆಯಿಂದ ಪಾದದವರೆಗೆ ಕಟ್ಟಿ ಕಬ್ಬಿಣದ ಕಂಬಿಗೆ ತೂಗುಹಾಕಿದ್ದರು. ಕೋಲು ಹಿಡಿದು ನಡೆಯಬಹುದು ಎಂದಿದ್ದರಂತೆ. ಶಾಲೆಯವರು ಬೇರೆಯವರನ್ನು ನೋಡಿಕೊಂಡಿದ್ದರು. ಪತ್ರವನ್ನು ದಿಂಬಿನ ಪಕ್ಕ ಇಟ್ಟೆ. ಅವಳು ನೋಡಲಿಲ್ಲ.

"ಅಭ್ಯಾಸ ಕಣೇ," ಎಂದು ಶುರು ಮಾಡಿದೆ. "ಕೈ ತಾನಾಗೇ ಎಡಕ್ಕೆ ಹೋಯ್ತು. ನಿನ್ನಾಣೆ. ಮೇಷ್ಟ್ರು..."

"ಗೊತ್ತಕ್ಕ. ನನಗೂ ಮೇಷ್ಟ್ರೇ ಕಲಿಸಿದ್ದಲ್ವಾ? ನಿನ್ನ ಜಾಗದಲ್ಲಿ ನಾನಿದ್ರೂ ಹಾಗೇ ಆಗ್ತಿತ್ತೇನೋ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಕೂಗಿದ್ದು ಕೇಳಿಸ್ತಾ?"

ಇಲ್ಲ ಎನ್ನಬಹುದಿತ್ತು. ಅಷ್ಟು ಗದ್ದಲದಲ್ಲಿ ಯಾರು ಬೇಕಾದರೂ ನಂಬುತ್ತಿದ್ದರು.

"ಕೇಳಿಸ್ತು," ಎಂದೆ.

"ಮತ್ತೆ ಎರಡನೇದು ಯಾಕೆ?"

"ಮೂರು ಸಲ ಅಂತ ಮಾತಾಗಿತ್ತಲ್ಲ. ಮಧ್ಯದಲ್ಲಿ ನಿಲ್ಲಿಸಿದ್ರೆ ಯಜಮಾನ, ನಿನ್ನ ಪತ್ರ..."

"ಅಕ್ಕ."

ಪಕ್ಕದ ಮಂಚದವಳು ಕೆಮ್ಮುತ್ತಿದ್ದಳು. ಅವಳ ಕೆಮ್ಮು ಮುಗಿಯುವವರೆಗೆ ಕಾದೆ.

"ಜನ ನನ್ನ ಹೆಸರು ಕೂಗ್ತಿದ್ರು ಕಣೇ," ಎಂದೆ. "ಬೈಯೋಕಲ್ಲ. ನಿನ್ನನ್ನ ಕೂಗೋ ಹಾಗೆ."

ಗಿಣಿ, ಊರಿಗೆ ಹೋಗಿ ಬಂದವರನ್ನು ಕೇಳುವಷ್ಟು ಸಾದಾ ದನಿಯಲ್ಲಿ ಕೇಳಿದಳು:

"ಹೇಗಿತ್ತಕ್ಕ?"

ಹದಿನಾರು ವರ್ಷ ಸುಳ್ಳು ಕುಸ್ತಿ ಆಡಿದವಳು ನಾನು. ಅವಳಿಗೆ ಒಂದಾದರೂ ನಿಜ ಕೊಡಬೇಕಿತ್ತು.

"ಚೆನ್ನಾಗಿತ್ತು," ಎಂದೆ.

ಅವಳು ಗೋಡೆಯ ಕಡೆ ತಿರುಗಿಕೊಳ್ಳಲು ನೋಡಿದಳು. ಕಾಲು ಕಂಬಿಗೆ ಕಟ್ಟಿದ್ದರಿಂದ ಆಗಲಿಲ್ಲ. ನಾನೇ ಎದ್ದು ಹೊರಗೆ ಬಂದೆ.